ನಾಳೆಯ ಅಪರಾಧಕ್ಕೆ ಇಂದಿನ ಸೆರೆ



ಲೆಕ್ಕ ಪರಿಶೋಧಿಸುವವನು ವಹಿಯನ್ನು ಕೈಗೆತ್ತಿಕೊಂಡಾಗ ಅದರಲ್ಲಿ ಬರೆದಿರುವುದನ್ನು ಮಾತ್ರ ನೋಡಿ ತೃಪ್ತನಾಗುವುದಿಲ್ಲ. ಬರೆಯಬೇಕಾಗಿದ್ದೂ ಬರೆಯದೆ ಉಳಿದದ್ದು ಯಾವುದೆಂದು ಹುಡುಕುತ್ತಾನೆ. ಬರೆದ ತಪ್ಪು ಇಂದಲ್ಲ ನಾಳೆ ಕಣ್ಣಿಗೆ ಬೀಳುತ್ತದೆ. ಬರೆಯದ ತಪ್ಪಿಗೆ ಸಾಕ್ಷಿಯೇ ಇರುವುದಿಲ್ಲ. ಇಂದಿನ ಉಪನ್ಯಾಸದ ವಿಷಯವು ನ್ಯಾಯಶಾಸ್ತ್ರಕ್ಕೂ ಮನೋವೈದ್ಯಕ್ಕೂ ಸೇರಿದ್ದು. ಆದರೂ ಅದರ ತಿರುಳಿನಲ್ಲಿರುವುದು ಬರೆಯದೆ ಉಳಿದ ಇಂಥದೊಂದು ಲೆಕ್ಕವೇ.

ಒಬ್ಬ ಮನುಷ್ಯನು ಅಪರಾಧ ಮಾಡಿದನು, ಶಿಕ್ಷೆಯಾಯಿತು, ಅವಧಿ ಮುಗಿಯಿತು. ಬಿಡುಗಡೆಯ ದಿನ ಸರ್ಕಾರವು ಬಾಗಿಲಲ್ಲಿ ನಿಂತು, ‘ನೀನು ಮಾಡಿದ್ದಕ್ಕೆ ಶಿಕ್ಷೆ ಮುಗಿದಿದೆ, ಆದರೆ ನೀನು ಮುಂದೆ ಮಾಡುವೆಯೆಂದು ನಮಗೆ ಅನಿಸುತ್ತಿದೆ, ಆದ್ದರಿಂದ ಒಳಗೇ ಇರು’ ಎನ್ನುತ್ತದೆ. ಅವನನ್ನು ಇರಿಸುವ ಸ್ಥಳಕ್ಕೆ ಸೆರೆಮನೆ ಎಂದು ಹೆಸರಿಲ್ಲ. ಆಸ್ಪತ್ರೆ ಅಥವಾ ಚಿಕಿತ್ಸಾಕೇಂದ್ರ ಎಂದು ಹೆಸರು. ಅಲ್ಲಿರುವುದು ಶಿಕ್ಷೆಯೆಂದು ಕಾನೂನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಈ ವ್ಯವಸ್ಥೆಯನ್ನು ಸಿವಿಲ್ ಕಮಿಟ್‌ಮೆಂಟ್ ಎನ್ನುತ್ತಾರೆ. ಇದರ ಬುಡದಲ್ಲಿರುವುದು ಒಂದು ಭವಿಷ್ಯವಾಣಿ. ಆ ಭವಿಷ್ಯವಾಣಿ ಎಷ್ಟು ಸಲ ನಿಜವಾಗುತ್ತದೆ?

ಇದಕ್ಕೆ ಉತ್ತರ ಸಿಕ್ಕಿದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ, ನ್ಯೂಯಾರ್ಕ್ ರಾಜ್ಯದಲ್ಲಿ.

ಜಾನಿ ಬ್ಯಾಕ್ಸ್‌ಟ್ರಮ್ ಎಂಬವನಿಗೆ 1959ರಲ್ಲಿ ಹಲ್ಲೆಯ ಅಪರಾಧಕ್ಕಾಗಿ ಎರಡೂವರೆಯಿಂದ ಮೂರು ವರ್ಷಗಳ ಸೆರೆವಾಸ ವಿಧಿಸಲಾಯಿತು. 1961ರಲ್ಲಿ ಸೆರೆಮನೆಯ ವೈದ್ಯನು ಅವನಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಬರೆದುಕೊಟ್ಟನು. ಅವನನ್ನು ಡ್ಯಾನಮೋರಾ ಎಂಬ ಆಸ್ಪತ್ರೆಗೆ ಸಾಗಿಸಿದರು. ಆಸ್ಪತ್ರೆ ಎಂಬುದು ಹೆಸರಿಗೆ. ಅದನ್ನು ನಡೆಸುತ್ತಿದ್ದುದು ಸೆರೆಮನೆಗಳ ಇಲಾಖೆಯೇ. ಅದೇ ವರ್ಷದ ಡಿಸೆಂಬರಿನಲ್ಲಿ ಅವನ ಶಿಕ್ಷೆ ಮುಗಿಯಿತು, ಬಿಡುಗಡೆಯಾಗಲಿಲ್ಲ. ನ್ಯಾಯಾಧೀಶರ ಕೊಠಡಿಯೊಳಗೆ ಒಂದು ವಿಚಾರಣೆ ನಡೆದು, ಅವನು ಅಲ್ಲಿಯೇ ಮುಂದುವರಿಯಬೇಕೆಂದು ತೀರ್ಮಾನವಾಯಿತು. ಅವನ ಕೈಯಲ್ಲಿ ಕಾಸಿರಲಿಲ್ಲ, ಪರವಾಗಿ ವಕೀಲನಿರಲಿಲ್ಲ. ಪ್ರಕರಣವು ಹಂತಹಂತವಾಗಿ ಸಂಯುಕ್ತ ಸಂಸ್ಥಾನದ ಸುಪ್ರೀಂ ಕೋರ್ಟಿಗೆ ಏರಿತು. 1966ರ ಫೆಬ್ರವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ತೀರ್ಪು ಬರೆದರು. ನ್ಯೂಯಾರ್ಕಿನಲ್ಲಿ ಬೇರೆ ಯಾವ ಮನೋರೋಗಿಯನ್ನು ಬಲವಂತವಾಗಿ ಇರಿಸಿದರೂ ಅವನಿಗೆ ಜ್ಯೂರಿಯ ಮುಂದೆ ಮರುವಿಚಾರಣೆ ಕೇಳುವ ಹಕ್ಕಿದೆ. ಶಿಕ್ಷೆ ಮುಗಿಸಿದವನಿಗೆ ಮಾತ್ರ ಅದಿಲ್ಲವೆಂದರೆ ಸಮಾನತೆಗೆ ಭಂಗ, ಎಂಬುದು ಆ ತೀರ್ಪಿನ ಸಾರ.

ಗಮನಿಸಬೇಕಾದ ಅಂಶವೊಂದಿದೆ. ಬ್ಯಾಕ್ಸ್‌ಟ್ರಮ್ ಅಪಾಯಕಾರಿಯಲ್ಲವೆಂದು ನ್ಯಾಯಾಲಯವು ಹೇಳಲಿಲ್ಲ. ವೈದ್ಯರು ಮನಸ್ಸು ಬದಲಿಸಲೂ ಇಲ್ಲ. ತೀರ್ಪು ಬಂದದ್ದು ಕೇವಲ ವಿಧಾನದ ಲೋಪದ ಮೇಲೆ. ಆದರೆ ಅದೇ ಸ್ಥಿತಿಯಲ್ಲಿದ್ದ ಇನ್ನೂ ನೂರಾರು ಜನರನ್ನು ಡ್ಯಾನಮೋರಾ ಮತ್ತು ಮ್ಯಾಟಿಯವಾನ್ ಎಂಬ ಎರಡು ಭದ್ರತಾ ಆಸ್ಪತ್ರೆಗಳಿಂದ ಹೊರಗೆ ಕಳಿಸುವುದು ರಾಜ್ಯಕ್ಕೆ ಅನಿವಾರ್ಯವಾಯಿತು. ಒಟ್ಟು 967 ಮಂದಿ. ಸಾಮಾನ್ಯ ಆಸ್ಪತ್ರೆಗಳಲ್ಲಿ ಇಡಲಾಗದಷ್ಟು ಅಪಾಯಕಾರಿಗಳೆಂದು ವರ್ಷಗಟ್ಟಲೆ ದಾಖಲಾಗಿದ್ದವರು ರಾಜ್ಯದ ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಬಂದರು. ಅಲ್ಲಿಯ ಸಿಬ್ಬಂದಿ ಭೀತಿಯಿಂದಲೇ ಅವರನ್ನು ಬರಮಾಡಿಕೊಂಡಿತು.

ಹೆನ್ರಿ ಸ್ಟೆಡ್‌ಮನ್ ಮತ್ತು ಜೋಸೆಫ್ ಕೊಕೋಝಾ ಎಂಬ ಇಬ್ಬರು ಸಂಶೋಧಕರು ಈ ಗುಂಪಿನ ಜಾಡು ಹಿಡಿದು ನಡೆದರು. ನಾಲ್ಕು ವರ್ಷಗಳಲ್ಲಿ ಭದ್ರತಾ ಆಸ್ಪತ್ರೆಗೆ ಹಿಂದಕ್ಕೆ ಕಳಿಸಬೇಕಾಗಿ ಬಂದದ್ದು 26 ಮಂದಿಯನ್ನು. ನೂರಕ್ಕೆ ಮೂವರೂ ಇಲ್ಲ. ಸುಮಾರು ಅರ್ಧದಷ್ಟು ಜನ ಸಮಾಜಕ್ಕೆ ಮರಳಿದ್ದರು. ಲೆಕ್ಕವನ್ನು ಒಂದೇ ಪಕ್ಕದಿಂದ ಓದಬಾರದು, ಆದ್ದರಿಂದ ಉಳಿದದ್ದನ್ನೂ ಹೇಳಬೇಕು. ಆಸ್ಪತ್ರೆಗಳ ಒಳಗೆ ಯಾವುದಾದರೊಂದು ಸಲ ಕೈಮಾಡಿದವರು ಐವರಲ್ಲಿ ಒಬ್ಬರಷ್ಟು ಇದ್ದರು. ಅನೇಕರು ನಡುವಯಸ್ಸು ದಾಟಿದವರು. ವಯಸ್ಸೇ ಅವರನ್ನು ತಣ್ಣಗಾಗಿಸಿದ್ದಿರಬಹುದು. ಆದರೂ 967 ಜನರ ಕಡತಗಳಲ್ಲಿ ಬರೆದಿದ್ದ ‘ಅಪಾಯಕಾರಿ’ ಎಂಬ ಪದಕ್ಕೂ ನಾಲ್ಕು ವರ್ಷಗಳ ನಡತೆಗೂ ತಾಳೆಯಾಗಲಿಲ್ಲ. ವಯಸ್ಸು ತಣ್ಣಗಾಗಿಸಿತೆಂಬುದೇ ನಿಜವಾದರೆ, ಅದನ್ನು ಕಂಡು ಕಡತವನ್ನು ತಿದ್ದಬೇಕಾಗಿದ್ದವರು ಯಾರು? ಕೆಲವು ವರ್ಷಗಳ ತರುವಾಯ ಪೆನ್ಸಿಲ್ವೇನಿಯಾದಲ್ಲಿ, 1971ರ ಇನ್ನೊಂದು ತೀರ್ಪಿನ ಫಲವಾಗಿ ಫಾರ್‌ವ್ಯೂ ಆಸ್ಪತ್ರೆಯಿಂದ ಹೊರಬಂದವರ ವಿಷಯದಲ್ಲಿಯೂ ಇದೇ ಚಿತ್ರ ಕಂಡಿತು. ಅಲ್ಲಿ ನಾಲ್ಕು ವರ್ಷಗಳಲ್ಲಿ ಹಿಂಸೆಗಿಳಿದವರು ನೂರಕ್ಕೆ ಸುಮಾರು 14.

ಈ ಎರಡು ತೀರ್ಪುಗಳು ಬಾರದೆ ಹೋಗಿದ್ದರೆ ಏನಾಗುತ್ತಿತ್ತು? ಆ ನೂರಾರು ಜನ ಒಳಗೇ ಇರುತ್ತಿದ್ದರು. ಒಳಗಿದ್ದವನು ಹೊರಗೆ ಯಾರಿಗೂ ಹೊಡೆಯಲಾರ. ಆಗ ಮುನ್ಸೂಚನೆ ನೀಡಿದ ವೈದ್ಯನು, ‘ನೋಡಿ, ಇರಿಸಿಕೊಂಡದ್ದರಿಂದ ಅನಾಹುತ ತಪ್ಪಿತು’ ಎನ್ನುತ್ತಿದ್ದನು. ಅದನ್ನು ಅಲ್ಲಗಳೆಯಲು ಯಾರ ಬಳಿಯೂ ಆಧಾರವಿರುತ್ತಿರಲಿಲ್ಲ. ಬ್ಯಾಂಕು ಸಾಲ ಕೊಟ್ಟು ಹಣ ಮುಳುಗಿದರೆ ವಸೂಲಾಗದ ಸಾಲದ ಪಟ್ಟಿಯಲ್ಲಿ ಅದು ಕಾಣುತ್ತದೆ, ಕೊಟ್ಟ ಅಧಿಕಾರಿಗೆ ನೋಟಿಸು ಹೋಗುತ್ತದೆ. ಪ್ರಾಮಾಣಿಕನೊಬ್ಬನಿಗೆ ಸಾಲ ನಿರಾಕರಿಸಿದರೆ ಅವನು ತೀರಿಸುತ್ತಿದ್ದನೆಂಬುದು ಯಾವ ವಹಿಯಲ್ಲಿಯೂ ಏರುವುದಿಲ್ಲ. ಅಪಾಯದ ಮುನ್ಸೂಚನೆಯಲ್ಲಿಯೂ ತಪ್ಪುಗಳು ಎರಡು. ಬಿಡಬಾರದವನನ್ನು ಬಿಟ್ಟರೆ ಮರುದಿನದ ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯಾಗುತ್ತದೆ, ಮಂತ್ರಿಯ ರಾಜೀನಾಮೆಯನ್ನು ಕೇಳುತ್ತಾರೆ. ಬಿಡಬಹುದಾಗಿದ್ದವನನ್ನು ಇರಿಸಿಕೊಂಡರೆ ಏನೂ ಆಗುವುದಿಲ್ಲ. ಅಂಥ ತಪ್ಪಿಗಾಗಿ ಕುರ್ಚಿ ಕಳೆದುಕೊಂಡ ಮಂತ್ರಿಯಾಗಲಿ, ಬಡ್ತಿ ಕಳೆದುಕೊಂಡ ವೈದ್ಯನಾಗಲಿ ಯಾವ ದೇಶದಲ್ಲಿ ಸಿಕ್ಕಾನು? ಒಂದು ತಪ್ಪಿಗೆ ಮಾತ್ರ ದಂಡವಿರುವ ಕಡೆ ಇನ್ನೊಂದು ತಪ್ಪು ಹೆಚ್ಚುವುದಕ್ಕೆ ಯಾರೂ ದುಷ್ಟರಾಗಿರಬೇಕಿಲ್ಲ.

ಇದಕ್ಕೆ ಅಂಕಗಣಿತದ ಆಧಾರವೂ ಇದೆ. ಸಾವಿರ ಜನರಿದ್ದಾರೆ, ಅವರಲ್ಲಿ ಮುಂದೆ ನಿಜವಾಗಿ ಹಿಂಸೆಗಿಳಿಯುವವರು ಐವತ್ತು ಎಂದು ಇಟ್ಟುಕೊಳ್ಳೋಣ. ಪರೀಕ್ಷಕನು ಬಹು ಜಾಣ. ನೂರಕ್ಕೆ ಎಂಬತ್ತು ಸಲ ಅವನ ತೀರ್ಮಾನ ಸರಿ. ಐವತ್ತರಲ್ಲಿ ನಲವತ್ತು ಮಂದಿಯನ್ನು ಅವನು ಗುರುತಿಸುತ್ತಾನೆ. ಉಳಿದ 950 ನಿರಪಾಯಿಗಳಲ್ಲಿ ನೂರಕ್ಕೆ ಇಪ್ಪತ್ತರಂತೆ 190 ಮಂದಿಯನ್ನು ಅಪಾಯಕಾರಿಗಳೆಂದು ತಪ್ಪಾಗಿ ಬರೆಯುತ್ತಾನೆ. ಹೀಗೆ 230 ಜನ ಸೆರೆಯಾಗುತ್ತಾರೆ. ಅವರಲ್ಲಿ ನಿಜವಾಗಿ ಅಪಾಯಕಾರಿಗಳು ಆರರಲ್ಲಿ ಒಬ್ಬರಷ್ಟು ಮಾತ್ರ. ಪರೀಕ್ಷಕನ ಜಾಣ್ಮೆಯಲ್ಲಿ ಕೊರತೆಯಿಲ್ಲ. ಅಪರೂಪದ ಸಂಗತಿಯನ್ನು ಮುಂಗಂಡು ಹೇಳುವ ಕೆಲಸದ ಸ್ವಭಾವವೇ ಅಂಥದು. ಜಾನ್ ಮೊನಹನ್ ಎಂಬ ವಿದ್ವಾಂಸರು 1981ರಲ್ಲಿ ಅಂದಿನವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹಿಂಸೆಯ ಕುರಿತ ವೈದ್ಯಕೀಯ ಮುನ್ಸೂಚನೆಗಳಲ್ಲಿ ಮೂರಕ್ಕೆ ಒಂದಕ್ಕಿಂತ ಹೆಚ್ಚು ನಿಜವಾಗುವುದಿಲ್ಲವೆಂದು ಕಂಡರು.

ಇಷ್ಟು ತಿಳಿದ ಮೇಲೆ ನ್ಯಾಯಾಲಯಗಳು ಎಚ್ಚರ ವಹಿಸಿರಬೇಕೆಂದು ಭಾವಿಸುವುದು ಸಹಜ. ಎರಡೇ ವರ್ಷಗಳ ನಂತರ, 1983ರಲ್ಲಿ, ಥಾಮಸ್ ಬೇರ್‌ಫುಟ್ ಎಂಬವನ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಟೆಕ್ಸಸ್ ರಾಜ್ಯದಲ್ಲಿ ಪೊಲೀಸ್ ಅಧಿಕಾರಿಯೊಬ್ಬರನ್ನು ಕೊಂದ ಅಪರಾಧ ಅವನದು. ಅವನು ಮುಂದೆಯೂ ಹಿಂಸೆ ಮಾಡುವನೇ ಎಂಬ ಪ್ರಶ್ನೆಗೆ ಜ್ಯೂರಿ ಕೊಡುವ ಉತ್ತರದ ಮೇಲೆ ಅವನ ಪ್ರಾಣ ನಿಂತಿತ್ತು. ಸಾಕ್ಷಿ ಹೇಳಿದ ಇಬ್ಬರು ಮನೋವೈದ್ಯರಲ್ಲಿ ಯಾರೂ ಅವನನ್ನು ಪರೀಕ್ಷಿಸಿರಲಿಲ್ಲ. ‘ಇಂಥವನೊಬ್ಬನಿದ್ದಾನೆಂದು ಊಹಿಸಿಕೊಳ್ಳಿ’ ಎಂದು ವಕೀಲರು ಮುಂದಿಟ್ಟ ಕಾಲ್ಪನಿಕ ವಿವರಣೆಯನ್ನು ಕೇಳಿ ಉತ್ತರಿಸಿದರು. ಅವರಲ್ಲೊಬ್ಬರಾದ ಡಾ. ಜೇಮ್ಸ್ ಗ್ರಿಗ್ಸನ್, ಅವನು ಮತ್ತೆ ಹಿಂಸೆ ಮಾಡುವ ಸಂಭವ ನೂರಕ್ಕೆ ನೂರು ಎಂದರು. ಪ್ರತಿ ಹೇಳಿಕೆಯ ಮುಂದೆಯೂ ‘ಸ್ಯಾತ್’ ಎಂದು ಸೇರಿಸಲು ಕಲಿತ ಪರಂಪರೆಯವರ ಕಿವಿಗೆ ಈ ನೂರಕ್ಕೆ ನೂರು ವಿಚಿತ್ರವಾಗಿ ಕೇಳಿಸೀತು. ಅಮೆರಿಕದ ಮನೋವೈದ್ಯರ ಸಂಘವೇ ನ್ಯಾಯಾಲಯಕ್ಕೆ ಬರೆದು, ದೀರ್ಘಕಾಲದ ಮುನ್ಸೂಚನೆಗಳು ಮೂರರಲ್ಲಿ ಎರಡು ಸಲ ತಪ್ಪಾಗುತ್ತವೆಂದು ತಿಳಿಸಿತು. ತನ್ನದೇ ಸದಸ್ಯರ ವಿದ್ಯೆಯ ಮಿತಿಯನ್ನು ವೃತ್ತಿಸಂಘವೊಂದು ಹೀಗೆ ಒಪ್ಪಿಕೊಂಡದ್ದು ಗೌರವಾರ್ಹವಾದ ನಡೆ. ಬೇರೆ ವೃತ್ತಿಗಳಲ್ಲಿ, ಲೆಕ್ಕಪರಿಶೋಧಕರಲ್ಲಿಯೂ, ಇದು ಅಪರೂಪ. ನ್ಯಾಯಾಲಯದ ಬಹುಮತವು ಅದನ್ನು ಬದಿಗಿಟ್ಟಿತು. ಮನೋವೈದ್ಯರು ಬಹುಪಾಲು ತಪ್ಪುತ್ತಾರೆಂದಷ್ಟೇ ವಾದ, ಯಾವಾಗಲೂ ತಪ್ಪುತ್ತಾರೆಂದು ಯಾರೂ ಹೇಳಿಲ್ಲವಲ್ಲ, ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. 1984ರ ಅಕ್ಟೋಬರ್ 30ರಂದು ಬೇರ್‌ಫುಟ್‌ನನ್ನು ಗಲ್ಲಿಗೇರಿಸುವ ಬದಲು ವಿಷದ ಸೂಜಿಯಿಂದ ಕೊಲ್ಲಲಾಯಿತು. ಗ್ರಿಗ್ಸನ್ ಅವರನ್ನು ಅದೇ ಸಂಘವು 1995ರಲ್ಲಿ ಹೊರಹಾಕಿತು.

ಇನ್ನೊಂದು ಪಕ್ಷವನ್ನೂ ನ್ಯಾಯವಾಗಿ ಮುಂದಿಡಬೇಕು. 1989ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ, ಶಿಕ್ಷೆ ಮುಗಿಸಿ ಹೊರಬಂದಿದ್ದವನೊಬ್ಬನು ಏಳು ವರ್ಷದ ಬಾಲಕನ ಮೇಲೆ ಎಸಗಿದ ಕ್ರೌರ್ಯವು ಹೇಳಲಾಗದಂಥದು. ಅವನು ಅಪಾಯಕಾರಿಯೆಂದು ಅಧಿಕಾರಿಗಳಿಗೆ ಗೊತ್ತಿತ್ತು. ಅವಧಿ ಮುಗಿದವನನ್ನು ಇರಿಸಿಕೊಳ್ಳಲು ಕಾನೂನಿರಲಿಲ್ಲ. ಮರುವರ್ಷವೇ ಆ ರಾಜ್ಯವು ಲೈಂಗಿಕ ಹಿಂಸಾಚಾರಿಗಳನ್ನು ಶಿಕ್ಷೆಯ ನಂತರವೂ ಇರಿಸಿಕೊಳ್ಳುವ ಕಾನೂನು ಮಾಡಿತು. ಕಾನ್ಸಾಸ್ ಅದನ್ನು 1994ರಲ್ಲಿ ಅನುಸರಿಸಿತು. ಅಲ್ಲಿ ಮೊದಲು ಸಿಲುಕಿದವನು ಲಿರಾಯ್ ಹೆಂಡ್ರಿಕ್ಸ್. ದಶಕಗಳ ಉದ್ದಕ್ಕೂ ಮತ್ತೆ ಮತ್ತೆ ಮಕ್ಕಳನ್ನು ಕಾಡಿದವನು ಅವನು. ಮತ್ತೆ ಮಾಡದಿರುವ ಖಾತರಿ ಏನು ಎಂದು ಕೇಳಿದಾಗ, ತಾನು ಸತ್ತರೆ ಮಾತ್ರ ಎಂದು ಅವನೇ ಉತ್ತರಿಸಿದನು. 1997ರಲ್ಲಿ ಸುಪ್ರೀಂ ಕೋರ್ಟು ಐವರು ನಾಲ್ವರ ಬಹುಮತದಿಂದ ಕಾನ್ಸಾಸ್ ಕಾನೂನನ್ನು ಎತ್ತಿಹಿಡಿಯಿತು. ಮಗುವಿನ ತಾಯಿಯ ಸ್ಥಾನದಲ್ಲಿ ನಿಂತು ನೋಡಿದವರು ಯಾರೂ ಹೆಂಡ್ರಿಕ್ಸ್‌ನನ್ನು ಬಿಡಿರೆಂದು ಹೇಳಲಾರರು. ಭಿನ್ನಮತದ ನ್ಯಾಯಮೂರ್ತಿ ಬ್ರೇಯರ್ ಅವರೂ ಹಾಗೆ ಹೇಳಲಿಲ್ಲ. ಚಿಕಿತ್ಸೆಯ ಹೆಸರಿನಲ್ಲಿ ಇರಿಸಿಕೊಂಡು ಚಿಕಿತ್ಸೆಯನ್ನೇ ಕೊಡದಿದ್ದರೆ ಅದು ಶಿಕ್ಷೆಯೇ, ಎಂಬುದು ಅವರ ಆಕ್ಷೇಪವಾಗಿತ್ತು.

ಆದರೆ ಹೆಂಡ್ರಿಕ್ಸ್‌ನಂಥ ಒಬ್ಬನನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ ಕಾನೂನು ಅವನೊಬ್ಬನಿಗೇ ಅನ್ವಯಿಸುವುದಿಲ್ಲ. ತನ್ನ ಬಗ್ಗೆ ತಾನೇ ಸಾಕ್ಷಿ ನುಡಿಯುವವರು ವಿರಳ. ಉಳಿದವರೆಲ್ಲರ ವಿಷಯದಲ್ಲಿ ಬೇರೊಬ್ಬರ ಅಂದಾಜೇ ಆಧಾರ. ಮಿನಸೋಟಾ ರಾಜ್ಯದ ಮೂಸ್ ಲೇಕ್ ಮತ್ತು ಸೇಂಟ್ ಪೀಟರ್ ಕೇಂದ್ರಗಳಲ್ಲಿ ಹೀಗೆ ಇರಿಸಲ್ಪಟ್ಟವರ ಸಂಖ್ಯೆ 700 ದಾಟಿತು. ಎರಡು ದಶಕಗಳ ಕಾಲ ಆ ಚಿಕಿತ್ಸಾಕ್ರಮವು ನಡೆಯಿತು. 2015ರ ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶ ಡಾನವನ್ ಫ್ರ್ಯಾಂಕ್ ತೀರ್ಪು ಕೊಡುವ ಹೊತ್ತಿಗೆ ಗುಣವಾಗಿ ಪೂರ್ಣ ಬಿಡುಗಡೆ ಹೊಂದಿದವನು ಒಬ್ಬನೂ ಇರಲಿಲ್ಲ. ಇದಕ್ಕಿಂತ ಕಸಿವಿಸಿ ಹುಟ್ಟಿಸುವ ಸಂಗತಿಯೂ ಆ ವಿಚಾರಣೆಯಲ್ಲಿ ಹೊರಬಿತ್ತು: ಒಳಗಿರುವವರು ಇನ್ನೂ ಅಪಾಯಕಾರಿಗಳೇ ಎಂದು ನಿಯತಕಾಲಕ್ಕೆ ಮರುಪರೀಕ್ಷಿಸುವ ಪದ್ಧತಿಯನ್ನೇ ಅಲ್ಲಿ ಇಟ್ಟುಕೊಂಡಿರಲಿಲ್ಲ. ವರ್ಷಕ್ಕೊಮ್ಮೆ ಗೋದಾಮಿನ ದಾಸ್ತಾನನ್ನಾದರೂ ಎಣಿಸಿ ನೋಡುತ್ತಾರೆ. ಆ ವ್ಯವಸ್ಥೆ ಸಂವಿಧಾನಬಾಹಿರವೆಂದು ಫ್ರ್ಯಾಂಕ್ ತೀರ್ಪಿತ್ತರು. 2017ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಮೊದಲನೆಯ ಪೂರ್ಣ ಬಿಡುಗಡೆ ಆದದ್ದು 2016ರಲ್ಲಿ, ವ್ಯಾಜ್ಯ ನಡೆಯುತ್ತಿದ್ದಾಗ.

ವೈದ್ಯರ ಬದಲು ಗಣಕಯಂತ್ರವನ್ನು ನೆಚ್ಚಿದರೆ ಹೇಗೆ ಎಂದು ಕೇಳುವವರಿದ್ದಾರೆ. ಫ್ಲಾರಿಡಾದ ಬ್ರವರ್ಡ್ ಕೌಂಟಿಯಲ್ಲಿ ಬಂಧಿತರಿಗೆ ಅಪಾಯದ ಅಂಕ ಕೊಡುವ ‘ಕಂಪಾಸ್’ ಎಂಬ ತಂತ್ರಾಂಶವನ್ನು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯು 2016ರಲ್ಲಿ ಪರಿಶೀಲಿಸಿತು. ಹಿಂಸಾಪರಾಧ ಮಾಡುವರೆಂದು ಯಂತ್ರವು ಹೇಳಿದವರಲ್ಲಿ ಮುಂದೆ ಹಾಗೆ ಮಾಡಿದವರು ನೂರಕ್ಕೆ 20. ಮತ್ತೆ ಯಾವ ಅಪರಾಧವನ್ನೂ ಮಾಡದಿದ್ದರೂ ಅಪಾಯಕಾರಿಗಳೆಂದು ಅಂಕ ಪಡೆದವರ ಪ್ರಮಾಣವು ಬಿಳಿಯರಿಗಿಂತ ಕರಿಯರಲ್ಲಿ ಸುಮಾರು ಎರಡುಪಟ್ಟು ಇತ್ತು. ಹಳೆಯ ವಹಿಯಲ್ಲಿದ್ದ ಪಕ್ಷಪಾತವನ್ನು ಯಂತ್ರವು ಹೊಸ ವಹಿಗೆ ನಕಲು ಮಾಡಿತು, ಅಷ್ಟೆ.

ಇಷ್ಟು ಹೊತ್ತು ಕೇಳಿದ್ದು ಅಮೆರಿಕದ ಸಂಗತಿ. ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಪರದೇಶದ ಕಥೆಯೆಂದು ಕೇಳಿ ಎದ್ದುಹೋಗುವಂತಿಲ್ಲ. ಮಹಾರಾಷ್ಟ್ರದಲ್ಲಿ 1981ರಿಂದ, ತಮಿಳುನಾಡಿನಲ್ಲಿ 1982ರಿಂದ, ಕರ್ನಾಟಕದಲ್ಲಿ 1985ರಿಂದ, ಈಗಿನ ತೆಲಂಗಾಣದಲ್ಲಿ 1986ರ ಆಂಧ್ರ ಕಾಯ್ದೆಯ ಮೂಲಕ, ‘ಅಪಾಯಕಾರಿ ಚಟುವಟಿಕೆ’ಯನ್ನು ತಡೆಯುವ ಕಾನೂನುಗಳು ಜಾರಿಯಲ್ಲಿವೆ. ಜನರ ಬಾಯಲ್ಲಿ ಅವೆಲ್ಲ ಗೂಂಡಾ ಕಾಯ್ದೆಗಳು. ಅಮೆರಿಕದ ವ್ಯವಸ್ಥೆಗೂ ಇವಕ್ಕೂ ಒಂದು ದೊಡ್ಡ ಅಂತರವಿದೆ: ಅಲ್ಲಿ ಒಮ್ಮೆ ಅಪರಾಧ ಸಾಬೀತಾದ ಮೇಲೆ, ಶಿಕ್ಷೆ ಮುಗಿದ ಮೇಲೆ, ಮುನ್ಸೂಚನೆಯ ಮಾತು ಬರುತ್ತದೆ, ಇಲ್ಲಿ ಸಾಬೀತಾಗುವುದಕ್ಕೆ ಮೊದಲೇ ಬರಬಹುದು. ಅವಧಿ ಹನ್ನೆರಡು ತಿಂಗಳಿಗೆ ಮೀರದು ಎಂಬುದು ಸಮಾಧಾನದ ಅಂಶ. ಆದರೆ ಇಲ್ಲಿ ಮನೋವೈದ್ಯನೂ ಇಲ್ಲ. ಮುನ್ಸೂಚನೆ ಹೊರಡುವುದು ಪೊಲೀಸ್ ಕಡತದಿಂದ. ಬಂಧಿತನಿಗೆ ಸಲಹಾ ಮಂಡಳಿಯ ಮುಂದೆ ವಕೀಲನನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೆಯ ವಿಧಿಯೇ ಕೊಟ್ಟಿಲ್ಲ. ಕೊಠಡಿಯೊಳಗೆ ಒಬ್ಬಂಟಿಯಾಗಿ ನಿಂತ ಬ್ಯಾಕ್ಸ್‌ಟ್ರಮ್ ಇಲ್ಲಿ ನೆನಪಾಗದಿರುವುದಿಲ್ಲ.

ಬಂಧನಕ್ಕೆ ಗುರಿಯಾಗುವವರು ಯಾರು? ತೆಲಂಗಾಣದ ಒಂದು ಪ್ರಕರಣವು 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತು. ಉದ್ಯೋಗ ಕೊಡಿಸುವುದಾಗಿ ನಂಬಿಸಿ ಹಣ ಪಡೆದ ಆರೋಪ. ಅಂಥ ವಂಚನೆಗೆ ಸಾಮಾನ್ಯ ದಂಡಸಂಹಿತೆಯಲ್ಲಿ ಬೇಕಾದಷ್ಟು ಕಲಮುಗಳಿವೆ. ಆರೋಪಿಗೆ ಜಾಮೀನು ಸಿಕ್ಕಿತ್ತು. ಅದಾದ ಮೇಲೆ ಅವನು ಸಾರ್ವಜನಿಕ ಶಾಂತಿಗೆ ಅಪಾಯಕಾರಿಯೆಂದು ಬಂಧನದ ಆದೇಶ ಹೊರಟಿತು. ಸುಪ್ರೀಂ ಕೋರ್ಟು ಆದೇಶವನ್ನು ರದ್ದುಗೊಳಿಸಿ, ಈ ಅಧಿಕಾರವನ್ನು ಲಘುವಾಗಿ ಬಳಸುವುದನ್ನು ಕಟುವಾಗಿ ಟೀಕಿಸಿತು. 2023ರಲ್ಲಿ ಅದೇ ರಾಜ್ಯದ ಇನ್ನೊಂದು ಪ್ರಕರಣದಲ್ಲಿ ಮತ್ತೆ ಎಚ್ಚರಿಸಬೇಕಾಯಿತು. ಜಾಮೀನು ಕೊಟ್ಟ ನ್ಯಾಯಾಲಯವನ್ನು ಬಳಸಿಕೊಂಡು ಹೋಗುವ ಅಡ್ಡದಾರಿಯಾಗಿ ಭವಿಷ್ಯವಾಣಿಯು ಉಪಯೋಗವಾಗುತ್ತಿದೆಯೆಂಬ ಶಂಕೆಗೆ ಇಂಥ ಪ್ರಕರಣಗಳೇ ಆಸ್ಪದ ಕೊಡುತ್ತವೆ.

ಈ ದೇಶದಲ್ಲಿ ನಡೆದ ಅತಿದೊಡ್ಡ ಭವಿಷ್ಯವಾಣಿ ಇನ್ನೂ ಹಳೆಯದು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹುಟ್ಟಿದ ಕುಲವನ್ನು ನೋಡಿಯೇ ಮಗುವಿನ ಭವಿಷ್ಯವನ್ನು ಬರೆದಿತ್ತು. ಅದನ್ನು 1911ರಲ್ಲಿ ವಿಸ್ತರಿಸಿದ ಮೇಲೆ ಮುಂಬೈ ಪ್ರಾಂತ್ಯದ ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿಗಳಲ್ಲಿ ಅಂಥ ಕುಟುಂಬಗಳನ್ನು ಕೂಡಿಹಾಕುವ ವಸತಿಗಳೆದ್ದವು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯಲ್ಲಿ ಒಂದು ಬಡಾವಣೆಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಅಲ್ಲಿಂದ ಬಂದವರೆಂದರೆ ಹುಬ್ಬೇರಿಸುವವರೂ ಉಳಿದಿದ್ದಾರೆ.

ವ್ಯಾಪಾರದ ಲೆಕ್ಕದಲ್ಲಿ ಮುಂದಾಗಬಹುದಾದ ನಷ್ಟಕ್ಕೆ ಮೊದಲೇ ಹಣ ತೆಗೆದಿಡುವುದು ವಿವೇಕವೆನಿಸುತ್ತದೆ. ನಷ್ಟವಾಗದಿದ್ದರೆ ತೆಗೆದಿಟ್ಟದ್ದನ್ನು ಲಾಭಕ್ಕೆ ಮರಳಿ ಜಮಾ ಮಾಡಬಹುದು. ಆರು ತಿಂಗಳು ಒಳಗಿದ್ದವನಿಗೆ ಆ ಆರು ತಿಂಗಳನ್ನು ಮರಳಿ ಜಮಾ ಮಾಡುವ ಕಲಮು ಯಾವ ಪದ್ಧತಿಯಲ್ಲಿಯೂ ಇಲ್ಲ. ಹಾಗೆಂದು ಬಂಧನವೇ ಕೂಡದೆಂಬುದು ಈ ಉಪನ್ಯಾಸದ ವಾದವಲ್ಲ. ಟಕೋಮಾದ ಬಾಲಕನನ್ನು ಮರೆತು ಮಾತನಾಡುವ ಹಕ್ಕು ಯಾರಿಗೂ ಇಲ್ಲ. ಕೇಳಬೇಕಾದದ್ದು ಚಿಕ್ಕದು: ಮುನ್ಸೂಚನೆಯ ಆಧಾರದ ಮೇಲೆ ಸ್ವಾತಂತ್ರ್ಯ ಕಸಿಯುವ ಸರ್ಕಾರವು ಆ ಮುನ್ಸೂಚನೆಯ ಜಮಾಖರ್ಚನ್ನು ತೋರಿಸಲಿ.

ಅದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಕೈಯಲ್ಲಿದೆ. ಉಚ್ಚ ನ್ಯಾಯಾಲಯವು ವಿಧಾನದ ಲೋಪಕ್ಕಾಗಿ ಒಂದು ಬಂಧನದ ಆದೇಶವನ್ನು ರದ್ದುಗೊಳಿಸಿದಾಗಲೆಲ್ಲ, ಅಪಾಯಕಾರಿಯೆಂದು ಬರೆಯಲ್ಪಟ್ಟ ಒಬ್ಬನು ಬ್ಯಾಕ್ಸ್‌ಟ್ರಮ್‌ನಂತೆಯೇ ಹೊರಗೆ ಬರುತ್ತಾನೆ. ಮುಂದಿನ ಹನ್ನೆರಡು ತಿಂಗಳಲ್ಲಿ ಅವನು ಏನು ಮಾಡಿದನೆಂಬುದು ಅವನ ಠಾಣೆಯ ದಾಖಲೆಯಲ್ಲಿಯೇ ಇರುತ್ತದೆ. ಹೊರಡಿಸಿದ ಆದೇಶಗಳೆಷ್ಟು, ಸಲಹಾ ಮಂಡಳಿ ಒಪ್ಪದೆ ಬಿಟ್ಟವೆಷ್ಟು, ನ್ಯಾಯಾಲಯ ರದ್ದುಮಾಡಿದವೆಷ್ಟು, ಹಾಗೆ ಹೊರಬಂದವರಲ್ಲಿ ಹಿಂಸೆಗಿಳಿದವರೆಷ್ಟು: ಒಂದು ಹಾಳೆಯ ಲೆಕ್ಕ. ಗೃಹ ಇಲಾಖೆಯ ಗುಮಾಸ್ತನೊಬ್ಬನು ವಾರದಲ್ಲಿ ಸಿದ್ಧಪಡಿಸಿ ವಿಧಾನಸಭೆಯ ಮುಂದೆ ಇಡಬಹುದು. ಬರುವ ಅಧಿವೇಶನಕ್ಕೆ ಮೊದಲು ತಮ್ಮ ತಮ್ಮ ಕ್ಷೇತ್ರದ ಶಾಸಕರನ್ನು ಕಂಡು, ಈ ನಾಲ್ಕು ಅಂಕಿಗಳನ್ನು ಪ್ರಶ್ನೋತ್ತರ ವೇಳೆಯಲ್ಲಿ ಕೇಳುವಂತೆ ಸಭಿಕರು ಒತ್ತಾಯಿಸಬಹುದು.